ಮಾರ್ಫಿನ್ ಮತ್ತು ಮಲಬದ್ಧತೆ: ನೋವು ವಾಪಸ್ ಬರದ ಹಾಗೆ ಕರುಳು ಸಡಿಲಿಸುವುದು

ಮೈಸೂರಿನ ವಾರ್ಡಿನಲ್ಲಿ ಮಂಡ್ಯ ಕಡೆಯ ಮನೆಯವರು ಕೇಳುತ್ತಾರೆ: "ಸಿಸ್ಟರ್, ಅಪ್ಪಂಗೆ ಮೋಷನ್ನೇ ಆಗ್ತಿಲ್ಲ. ಮುದ್ದೆ ಬಿಟ್ಟು ಗಂಜಿ ಕೊಡ್ತಿದ್ದೀವಿ. ನೋವಿನ ಮಾತ್ರೆ ನಿಲ್ಲಿಸಿಬಿಡ್ಲಾ?" ನಿಲ್ಲಿಸಬೇಕಿಲ್ಲ. ತಪ್ಪು ಮುದ್ದೆಯದ್ದೂ ಅಲ್ಲ.

ಅಪ್ಪನ ನೋವಿನ ಮಾತ್ರೆ ಮಾರ್ಫಿನ್. ಅದು ಬಂದು ಕೂರುವ ಜಾಗಕ್ಕೆ ಮ್ಯೂ ರಿಸೆಪ್ಟರ್ ಅಂತಾರೆ, ಕರುಳಿನ ನರಗಳಲ್ಲೂ ಅವು ಇವೆ. ಮಾರ್ಫಿನ್ ಅಲ್ಲಿ ಅಂಟಿಕೊಂಡರೆ ಕರುಳು ಮುಂದಕ್ಕೆ ತಳ್ಳುವುದಿಲ್ಲ. ಮಲ ನಿಂತಷ್ಟೂ ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ವಾಕರಿಕೆ, ಮಂಪರು ದಿನ ಕಳೆದಂತೆ ತಗ್ಗುತ್ತವೆ, ಇದು ತಗ್ಗುವುದಿಲ್ಲ. ಅದಕ್ಕೇ ಮಾರ್ಫಿನ್ ಜೊತೆಗೇ ಲ್ಯಾಕ್ಸೇಟಿವ್ (ಮಲ ಸಡಿಲಿಸುವ ಔಷಧಿ) ಆಗಿ ಸೆನ್ನಾ ಅಥವಾ ಬೈಸಾಕೊಡಿಲ್, ಇಲ್ಲವೇ ಪಾಲಿಎಥಿಲೀನ್ ಗ್ಲೈಕಾಲ್ ಶುರು ಮಾಡುತ್ತಾರೆ. ಇಸಬ್‌ಗೋಲ್ ಬೇಡ. ತಳ್ಳದ ಕರುಳಿನಲ್ಲಿ, ನೀರೂ ಕಮ್ಮಿ ಕುಡಿಯುವವರಲ್ಲಿ ಅದು ಉಬ್ಬಿ ಅಲ್ಲೇ ಕೂರಬಹುದು.

ಇದಕ್ಕೂ ಬಗ್ಗದಿದ್ದರೆ? ಇಲ್ಲೇ ನನಗೆ ತುಂಬಾ ಹೊತ್ತು ಬಿಡಿಸಲಾಗದ ಗಂಟು ಇತ್ತು. ಮಾರ್ಫಿನ್ನನ್ನು ರಿಸೆಪ್ಟರಿನಿಂದ ಎಬ್ಬಿಸುವ ಔಷಧಿ ಕೊಟ್ಟರೆ ನೋವೂ ವಾಪಸ್ ಬರಬೇಕಲ್ವಾ?

ನೋವು ತಗ್ಗುವುದು ಮುಖ್ಯವಾಗಿ ಮೆದುಳು, ಬೆನ್ನುಹುರಿಯಲ್ಲಿ. ಔಷಧಿ ಅಲ್ಲಿಗೆ ಹೋಗದಿದ್ದರೆ ಸಾಕು. ಮೀಥೈಲ್‌ನಾಲ್ಟ್ರೆಕ್ಸೋನ್ ನೋಡಿ: ಮಾರ್ಫಿನ್ನನ್ನು ತಡೆಯುವ ನಾಲ್ಟ್ರೆಕ್ಸೋನಿನ ನೈಟ್ರೋಜನ್‌ಗೆ ಒಂದು ಮೀಥೈಲ್ ಸೇರಿಸಿದ್ದಾರೆ. ನೈಟ್ರೋಜನ್‌ಗೆ ಶಾಶ್ವತ ಧನ ಆವೇಶ (ಪಾಸಿಟಿವ್ ಚಾರ್ಜ್) ಬರುತ್ತದೆ. ಆವೇಶ ಇರುವ ಅಣು ಮೆದುಳಿನ ರಕ್ತನಾಳಗಳ ಕೊಬ್ಬಿನ ಪದರ ದಾಟಲಾರದು. ನಾಲೊಕ್ಸೆಗಾಲ್ ದಾರಿ ಬೇರೆ: ಮಾರ್ಫಿನ್ನನ್ನು ತಡೆಯುವ ಇನ್ನೊಂದು ಔಷಧಿ ನಾಲೊಕ್ಸೋನಿಗೆ ಪಾಲಿಎಥಿಲೀನ್ ಗ್ಲೈಕಾಲ್ ಬಾಲ ಕಟ್ಟಿದ್ದಾರೆ. ಮೆದುಳಿನ ಒಳಗೆ ಹೋಗುವುದೇ ಕಷ್ಟ. ನುಸುಳಿದ ಸ್ವಲ್ಪವನ್ನೂ ಆ ರಕ್ತನಾಳಗಳ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಹೊರಕ್ಕೆ ತಳ್ಳುತ್ತದೆ. (ಲ್ಯಾಕ್ಸೇಟಿವ್ ಆಗಿ ಕೊಡುವ ಅದೇ ವಸ್ತು ಕರುಳಿನಲ್ಲಿ ನೀರು ಹಿಡಿದಿಡುತ್ತದೆ. ಇಲ್ಲಿ ಅದರ ಕೆಲಸ ಬರೀ ತಡೆಯುವುದು. ಎರಡನ್ನೂ ಬೆರೆಸಬೇಡಿ.)

ನನಗೆ ಇದು ಗಟ್ಟಿಯಾಗಿ ಕೂತಿದ್ದು ಲೊಪೆರಮೈಡ್ ಪಕ್ಕದಲ್ಲಿಟ್ಟಾಗ. ಭೇದಿಗೆ ಕೊಡುವ ಲೊಪೆರಮೈಡ್ ಅದೇ ಮ್ಯೂ ರಿಸೆಪ್ಟರನ್ನು ಕರುಳಿನಲ್ಲಿ ಚಾಲೂ ಮಾಡುತ್ತದೆ. ಅದೇ ಪಂಪ್ ಅದನ್ನೂ ಮೆದುಳಿನಿಂದ ಆಚೆ ಇಡುತ್ತದೆ. ಅದಕ್ಕೇ ಮಾಮೂಲಿ ಡೋಸಿನಲ್ಲಿ ನೋವೂ ತಗ್ಗಲ್ಲ, ನಶೆಯೂ ಏರಲ್ಲ. ನಾಲೊಕ್ಸೆಗಾಲ್, ಲೊಪೆರಮೈಡ್ ಎರಡೂ ಒಂದೇ ಗೋಡೆಯನ್ನು ನಂಬಿವೆ, ಕೆಲಸ ಮಾತ್ರ ತದ್ವಿರುದ್ಧ.

ಆ ಗೋಡೆ ಬಿರುಕು ಬಿಟ್ಟಿದ್ದರೆ, ಉದಾಹರಣೆಗೆ ಕ್ಯಾನ್ಸರ್ ಮೆದುಳಿಗೆ ಹರಡಿದ್ದರೆ, ಎಚ್ಚರ ಜಾಸ್ತಿ ಬೇಕು. ನೋವು ಮರಳಬಹುದು, ಬೆವರು, ನಡುಕ ಬರಬಹುದು. ಕ್ಲಾರಿಥ್ರೊಮೈಸಿನ್ (ಆ್ಯಂಟಿಬಯೋಟಿಕ್), ಕೀಟೊಕೊನಜೋಲ್ (ಫಂಗಸ್ ಔಷಧಿ) ಜೊತೆ ನಾಲೊಕ್ಸೆಗಾಲ್ ಕೊಡಬಾರದು, ಲಿವರಿನಲ್ಲಿ ನಾಲೊಕ್ಸೆಗಾಲ್ ಒಡೆದುಹೋಗುವುದನ್ನೇ ಇವು ತಡೆಯುತ್ತವೆ. ಕರುಳು ಅಡ್ಡಗಟ್ಟಿದ್ದರೆ, ಅಥವಾ ಆ ಅನುಮಾನ ಇದ್ದರೆ, ಮಾರ್ಫಿನ್ನನ್ನು ಕರುಳಿನಲ್ಲಿ ತಡೆಯುವ ಈ ಗುಂಪಿನ ಯಾವ ಔಷಧಿಯೂ ಬೇಡ, ಕರುಳು ತೂತಾಗುವ ಅಪಾಯ ಇದೆ. ಹಾಗಾಗಿ ವಾಂತಿ ಇದೆಯಾ, ಹೊಟ್ಟೆ ಉಬ್ಬಿದೆಯಾ, ಗಾಳಿ ಹೋಗ್ತಿದೆಯಾ ಎಂದು ಮೊದಲೇ ಕೇಳಿ.