ಐಪಿ ಸಂಖ್ಯೆಯಿಂದ ಮನೆ ಬಾಗಿಲಿಗೆ: ಕಾಪಿರೈಟ್ ದಾವೆಗಳು ಬೆಳೆದು ಬಂದ ಬಗೆ

ಬಿಟಿಎಂ ಲೇಔಟಿನ ಪಿಜಿ ಒಂದರ ಮೆಟ್ಟಿಲ ಬಳಿ ಗೋಡೆಗೆ ಜಡಿದ ರೌಟರ್, ಪಕ್ಕದಲ್ಲೇ ಪಾಸ್‌ವರ್ಡ್ ಬರೆದು ಅಂಟಿಸಿದ ಚೀಟಿ. ಮೂರು ಮಹಡಿಯ ಹುಡುಗರಲ್ಲಿ ಯಾರು ಯಾವ ಜಾಲತಾಣ ತೆರೆದರೂ ಅಲ್ಲಿನ ಸರ್ವರಿನಲ್ಲಿ ದಾಖಲಾಗುವುದು ಒಂದೇ ಐಪಿ ವಿಳಾಸ, ಅಂದರೆ ಆ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಸಂಪರ್ಕವಿರುವುದು ಮಾಲೀಕರ ಹೆಸರಿನಲ್ಲಿ. ಈ ಸಂಖ್ಯೆಯನ್ನು ಆ ಹೆಸರಿಗೆ ಗಂಟು ಹಾಕಿ, ಹಕ್ಕುಸ್ವಾಮ್ಯ ಉಲ್ಲಂಘನೆಯ ನೋಟಿಸು ಕಳಿಸಿ, ರಾಜಿಯ ಹೆಸರಿನಲ್ಲಿ ಹಣ ಕೀಳುವವರನ್ನು ಕಾಪಿರೈಟ್ ಟ್ರೋಲ್ ಎನ್ನುತ್ತಾರೆ. ಅವರಿಗೆ ದಾವೆ ಗೆಲ್ಲುವುದಕ್ಕಿಂತ ನ್ಯಾಯಾಲಯದ ಆದೇಶದ ಮೂಲಕ ಹೆಸರು ಪಡೆಯುವುದು ಮುಖ್ಯ.

ಇದರ ಬೇರು ಅಮೆರಿಕದಲ್ಲಿದೆ. 2003ರಲ್ಲಿ ಅಲ್ಲಿನ ಧ್ವನಿಮುದ್ರಣ ಕಂಪನಿಗಳ ಸಂಘವು ಹಾಡು ಹಂಚಿಕೊಂಡವರ ಮೇಲೆ ಸಾಮೂಹಿಕವಾಗಿ ದಾವೆ ಹೂಡತೊಡಗಿತು. ದಾವೆಯಿಲ್ಲದೆ ಬರೀ ಸಮನ್ಸ್ ತೋರಿಸಿ ವೆರಿಜಾನ್‌ನಂಥ ಇಂಟರ್‌ನೆಟ್ ಸಂಸ್ಥೆಯಿಂದ ಚಂದಾದಾರರ ಹೆಸರು ಕೇಳುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಅದೇ ವರ್ಷ ಹೇಳಿದಾಗ, ಅನಾಮಧೇಯ ಪ್ರತಿವಾದಿಗಳ ಮೇಲೆ ದಾವೆ ಹೂಡಿ ಅನಂತರ ಹೆಸರು ಪಡೆಯುವ ದಾರಿ ರೂಢಿಯಾಯಿತು. ನಷ್ಟವನ್ನು ಸಾಬೀತುಪಡಿಸದಿದ್ದರೂ ಒಂದು ಕೃತಿಗೆ 750 ಡಾಲರಿನಿಂದ 1,50,000 ಡಾಲರಿನವರೆಗೆ ಪರಿಹಾರ ಕೊಡಿಸುವ ಅಲ್ಲಿನ ಕಾನೂನೇ ಈ ವ್ಯವಹಾರದ ಬಂಡವಾಳ. ಪ್ರೆಂಡಾ ಲಾ ಎಂಬ ವಕೀಲರ ಗುಂಪು ಅಶ್ಲೀಲ ಚಿತ್ರಗಳನ್ನು ತಾನೇ ಜಾಲಕ್ಕೆ ಏರಿಸಿ, ಇಳಿಸಿಕೊಂಡವರನ್ನು ಹೆದರಿಸಿ ದುಡ್ಡು ಮಾಡಿತು. ಅದರ ಮುಖ್ಯಸ್ಥರಲ್ಲಿ ಒಬ್ಬನಿಗೆ 2019ರಲ್ಲಿ 14 ವರ್ಷಗಳ ಸೆರೆವಾಸವಾಯಿತು.

ಹಂಚಿದವರನ್ನು ಬಿಟ್ಟು ಬರೀ ನೋಡಿದವರ ಕಡೆಗೂ ಈ ಕೈ ಚಾಚಿತು ಎಂಬುದೇ ನನಗೆ ಹೆಚ್ಚು ಕಳವಳದ ಸಂಗತಿ. ಯೂಟ್ಯೂಬ್ ಮೇಲೆ ಅಮೆರಿಕದ ಮಾಧ್ಯಮ ಕಂಪನಿ ವಯಾಕಾಮ್ ಹೂಡಿದ್ದ ದಾವೆಯಲ್ಲಿ, ಯಾರು ಯಾವ ವಿಡಿಯೊ ನೋಡಿದರೆಂಬ ಸುಮಾರು 12 ಟೆರಾಬೈಟ್ ದಾಖಲೆಯನ್ನು ಒಪ್ಪಿಸುವಂತೆ 2008ರ ಜುಲೈನಲ್ಲಿ ನ್ಯಾಯಾಲಯ ಆದೇಶಿಸಿತ್ತು. ಪ್ರತಿಭಟನೆಯಾದ ಬಳಿಕವಷ್ಟೇ ಬಳಕೆದಾರರ ಗುರುತು ಮರೆಮಾಚಲು ಉಭಯ ಪಕ್ಷಗಳು ಒಪ್ಪಿಕೊಂಡವು. ಜರ್ಮನಿಯಲ್ಲಿ 2013ರ ಡಿಸೆಂಬರ್‌ನಲ್ಲಿ ಸಾವಿರಾರು ಮನೆಗಳಿಗೆ ತಲಾ 250 ಯೂರೊ ಕೇಳುವ ಪತ್ರಗಳು ಬಂದವು. ರೆಡ್‌ಟ್ಯೂಬ್ ಎಂಬ ಅಶ್ಲೀಲ ತಾಣದಲ್ಲಿ ಚಿತ್ರ ನೋಡಿದ್ದೇ ಅವರ ಮೇಲಿನ ಆರೋಪ. ಫೈಲ್ ಹಂಚಿಕೆಯ ಪ್ರಕರಣವೆಂದು ಭಾವಿಸಿ ಹೆಸರು ಕೊಡಿಸಿದ್ದ ಕೊಲೋನ್ ನ್ಯಾಯಾಲಯವು ತಾನು ಆ ಆದೇಶ ಕೊಡಬಾರದಿತ್ತೆಂದು ಮರುತಿಂಗಳು ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಮಾನಕ್ಕೆ ಅಂಜಿದವರು ಹಣ ಕಟ್ಟಿಯಾಗಿತ್ತು. ನೋಡುಗರ ಐಪಿ ವಿಳಾಸಗಳು ಹೊರಗಿನವರ ಕೈಗೆ ಸಿಕ್ಕಿದ್ದು ಹೇಗೆಂಬುದು ವಿವಾದವಾಗಿಯೇ ಉಳಿಯಿತು.

ನಮ್ಮಲ್ಲಿ ಕಥೆ ಬೇರೆ ದಿಕ್ಕಿನಲ್ಲಿ ಸಾಗಿತು. ಗುರುತು ಸಿಗದ ಪ್ರತಿವಾದಿಗೆ ‘ಅಶೋಕ್ ಕುಮಾರ್’ ಎಂದು ಹೆಸರಿಟ್ಟು ಆದೇಶ ಪಡೆಯುವ ಪದ್ಧತಿ 2002ರಲ್ಲಿ ದೆಹಲಿ ಹೈಕೋರ್ಟ್ ಕೇಬಲ್ ಟಿವಿ ಪ್ರಕರಣವೊಂದರಲ್ಲಿ ಹೊರಡಿಸಿದ ಆದೇಶದ ನಂತರ ಬೆಳೆಯಿತಾದರೂ, ಅದು ಹೆಚ್ಚಾಗಿ ಬಳಕೆಯಾದದ್ದು ಜಾಲತಾಣಗಳನ್ನು ತಡೆಹಿಡಿಯಲು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಮೆರಿಕದಂತೆ ಮೊತ್ತ ನಿಗದಿಯಾದ ಪರಿಹಾರವಿಲ್ಲದ್ದರಿಂದ, ವೀಕ್ಷಕನ ಬೆನ್ನು ಹತ್ತಿ ಹಣ ಕೀಳುವ ಲಾಭ ಇಲ್ಲಿ ಕಡಿಮೆ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ತಾನೇ ದಾವೆ ಹೂಡಲು ಅದೇ ಕಾಯ್ದೆಯ 60ನೇ ಸೆಕ್ಷನ್ ನೋಟಿಸು ಪಡೆದವನಿಗೆ ಅವಕಾಶ ಕೊಟ್ಟಿದೆ. ನೋಟಿಸು ಕಂಡೊಡನೆ ಕೈಕಾಲು ಬಿಡುವ ನಮ್ಮ ಜನಕ್ಕೆ ಈ ಸೆಕ್ಷನ್ ಗೊತ್ತಿರಬೇಕಾದದ್ದು ಬಹಳ ಅಗತ್ಯ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಿಂದ ತೀರ್ಪು ಪಡೆದ ಪ್ರಕರಣದ ಅರ್ಜಿದಾರರು ಇದೇ ಬೆಂಗಳೂರಿನ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಕಂಪನಿಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಬಳಕೆಯ ದಾಖಲೆಗಳನ್ನು, 180 ದಿನ ಉಳಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಸೂಚಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್, ಕಾನೂನುಬದ್ಧ ಹಕ್ಕು ಅಥವಾ ಕ್ಲೇಮನ್ನು ಜಾರಿಗೊಳಿಸಲು ಅಗತ್ಯವಾದಾಗ ಸಮ್ಮತಿ, ತಿಳಿವಳಿಕೆ ಪತ್ರದಂಥ ಹೆಚ್ಚಿನ ಕಟ್ಟುಪಾಡುಗಳಿಂದ ವಿನಾಯಿತಿ ನೀಡಿದೆ. ಹೀಗೆ ಹೆಸರು ಬಿಟ್ಟುಕೊಡುವ ಮೊದಲು ಆ ಚಂದಾದಾರನ ಮಾತನ್ನೂ ಕೇಳಬೇಕೆಂದು ಆ ವಿನಾಯಿತಿಯಲ್ಲಿ ಬರೆದಿಲ್ಲ.