ಮುನ್ನೂರು ಫೋಟೋ, ಒಂದು ಎಳೆ

ಕಳೆದ ಬೇಸಿಗೆಯ ಒಂದು ಭಾನುವಾರ, ಕಲಬುರಗಿಯ ಗೆಳೆಯನ ಮನೆಯಲ್ಲಿ ಪರಸಿ ಕಲ್ಲಿನ ನೆಲದ ಮೇಲೆ ಮುನ್ನೂರು ಫೋಟೋ ಹರಡಿಕೊಂಡು ಕೂತಿದ್ದೆವು. ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಎಲ್ಲ ಹಾರುತ್ತವೆ. ಹೊರಗೆ ಕಾದ ಹಂಚಿನಂಥ ಬಿಸಿಲು. ಶಹಾಬಾದಿನ ಕಲ್ಲು ಮಾತ್ರ ತಣ್ಣಗಿತ್ತು, ಪುಣ್ಯ.

ಗೆಳೆಯ ಮದುವೆ ಫೋಟೋ ಹೊಡೆಯುವವ. ಹೊಟ್ಟೆಪಾಡಿಗೆ ಅದು. ಬಿಡುವು ಸಿಕ್ಕಾಗ ತನಗಾಗಿ ಹೊಡೆಯುತ್ತಾನೆ: ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ದರ್ಗಾದ ಉರುಸು, ತೊಗರಿ ಹೊಲ, ಬೀದರಿನ ಅಷ್ಟೂರ ಗುಂಬಜ್‌ಗಳು, ಸನ್ನತಿಯ ಕಲ್ಲುಗಳು. ಬೆಂಗಳೂರಿನಲ್ಲಿ ಪ್ರದರ್ಶನ ಮಾಡುವವರೊಬ್ಬರು ಹನ್ನೆರಡು ಫೋಟೋ ಕೇಳಿದ್ದರು. ಜೊತೆಗೊಂದು ಮಾತು: 'ಎಲ್ಲಕ್ಕೂ ಒಂದು ಎಳೆ ಇರಲಿ.' ಅವನಿಗೆ ಅದೇ ತಲೆನೋವು. "ಎಳಿ ಎಲ್ಲಿಂದ ತರ್ಲಿ? ಕಂಡದ್ದು ಹೊಡದೀನಿ, ಅಷ್ಟ."

ಎಳೆ ಬೇಕು ಅನ್ನುವ ಈ ಬೇಡಿಕೆ ಕ್ಯಾಮೆರಾದಷ್ಟು ಹಳೆಯದಲ್ಲ. ಮೊದಮೊದಲು ಫೋಟೋಗ್ರಾಫರನ ಹತ್ತಿರ ಅದನ್ನು ಯಾರೂ ಕೇಳುತ್ತಿರಲಿಲ್ಲ. ಏನು ಹೊಡೆಯಬೇಕು ಅಂತ ಹೇಳುವವರು ಬೇರೆ ಇದ್ದರು. ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ಕಲಬುರಗಿ, ಬೀದರ್ ಎಲ್ಲ 1948ರವರೆಗೆ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನದ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ (1844–1905). ಅರಮನೆ, ದರ್ಬಾರು, ಬೇಟೆ, ಬಂದ ಬ್ರಿಟಿಷ್ ಅತಿಥಿಗಳು, ಎಲ್ಲ ಹೊಡೆದರು. ನಿಜಾಮರು 'ಮುಸವ್ವಿರ್ ಜಂಗ್' ಅಂತ ಬಿರುದು ಕೊಟ್ಟರು. ಸಿಕಂದರಾಬಾದಿನಲ್ಲೂ ಮುಂಬೈಯಲ್ಲೂ ಸ್ಟುಡಿಯೋ ನಡೆಸಿದರು. ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. ಎಳೆ ಹುಡುಕುವ ಕೆಲಸ ಬಂದದ್ದು ಆಮೇಲೆ, ಅದೂ ಬೇರೆಯವರ ಪಾಲಿಗೆ.

ನನ್ನನ್ನು ಕೇಳಿದರೆ ದೀನ್ ದಯಾಳ್ ಅವರ ಎಳೆ ಅವರ ಮೊದಲ ಕೆಲಸದಲ್ಲಿದೆ. ಅವರು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತವರು. ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಅವರು ತೆಗೆದ ದರ್ಬಾರಿನ ಗುಂಪು ಫೋಟೋ ಒಮ್ಮೆ ನೋಡಿ. ಜನರನ್ನು ಕೂರಿಸಿದ್ದಾರೆ ಅನ್ನುವುದಕ್ಕಿಂತ ಕಟ್ಟಡ ಎಬ್ಬಿಸಿದ್ದಾರೆ ಅನ್ನಿಸುತ್ತದೆ. ನಡುವೆ ಒಂದು ಕಂಬ, ಎರಡೂ ಕಡೆ ತೂಕ ಸಮ. ಮನುಷ್ಯರನ್ನೂ ಮಟ್ಟಗೋಲು ಹಿಡಿದೇ ನಿಲ್ಲಿಸಿದಂತಿದೆ.

ಪುರಾತತ್ವ ಇಲಾಖೆಯ ಕ್ಯಾಮೆರಾ ಇನ್ನೂ ಕಟ್ಟುನಿಟ್ಟು. ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳ ಹಳೆಯ ಕಟ್ಟಡಗಳ ಮೇಲೆ ಜೇಮ್ಸ್ ಬರ್ಜೆಸ್ ವರದಿ ಬಂದದ್ದು 1878ರಲ್ಲಿ. ಬೀದರಿನ ಸ್ಮಾರಕಗಳ ಮೇಲೆ ಗುಲಾಮ್ ಯಜ್ದಾನಿ ಅವರ ದೊಡ್ಡ ಪುಸ್ತಕ 1947ರದು. ಇಂಥ ಕೆಲಸದಲ್ಲಿ ಫೋಟೋ ಅಂದರೆ ದಾಖಲೆ. ಗೋಡೆ ನೆಟ್ಟಗಿರಬೇಕು, ಕೆತ್ತನೆ ಸ್ಪಷ್ಟ ಕಾಣಬೇಕು. ಹೊಡೆದವರು ಯಾರು ಅಂತ ಯಾರು ಕೇಳ್ತಾರೆ?

ಕೇಳುವ ಕಾಲ ಬಂತು. ಅದಕ್ಕೆ ಪ್ಯಾರಿಸ್‌ನ ಯೂಜೀನ್ ಅಟ್ಜೆಯ ಕಥೆ ಹೇಳಲೇಬೇಕು, ಗೆಳೆಯನಿಗೂ ಅದನ್ನೇ ಹೇಳಿದೆ. ಅಟ್ಜೆ (1857–1927) ಬಡ ಫೋಟೋ ವ್ಯಾಪಾರಿ. ಹಳೆ ಪ್ಯಾರಿಸ್‌ನ ಬೀದಿ, ಅಂಗಡಿ, ಬಾಗಿಲು, ಮೆಟ್ಟಿಲು, ತೋಟ ಹೊಡೆದು ಚಿತ್ರಕಾರರಿಗೂ ಗ್ರಂಥಾಲಯಗಳಿಗೂ ಮಾರುತ್ತಿದ್ದ. ಮೂವತ್ತು ವರ್ಷ ಇದೇ ಕೆಲಸ. 1926ರಲ್ಲಿ ಕನಸುಗಳ ಬೆನ್ನು ಹತ್ತಿದ್ದ ಸರ್ರಿಯಲಿಸ್ಟ್ ಕಲಾವಿದರು ಅವನ ಚಿತ್ರಗಳನ್ನು ತಮ್ಮ ಪತ್ರಿಕೆಯಲ್ಲಿ ಹಾಕಿದರು. ಜನವಿಲ್ಲದ ಬೀದಿಗಳಲ್ಲಿ ಅವರಿಗೆ ಕನಸು ಕಂಡಿತು. ಅಟ್ಜೆ ಮಾತ್ರ ನನ್ನ ಹೆಸರು ಹಾಕಬೇಡಿ, ಇವು ಬರೀ ದಾಖಲೆ ಅಂದನಂತೆ.

ಬೀದಿ ಖಾಲಿ ಯಾಕಿತ್ತು? ಅವನದು ಭಾರದ ಮರದ ಕ್ಯಾಮೆರಾ, ಗಾಜಿನ ಪ್ಲೇಟು. ಒಂದು ಚಿತ್ರಕ್ಕೆ ತುಂಬ ಹೊತ್ತು ಬೆಳಕು ಬಿಡಬೇಕು. ಅಷ್ಟರಲ್ಲಿ ನಡೆದು ಹೋದವರು ಮಸುಕಾಗುತ್ತಾರೆ, ಇಲ್ಲ ಮಾಯವೇ ಆಗುತ್ತಾರೆ. ಅದಕ್ಕೆ ಬೆಳಗ್ಗೆ ಬೇಗ ಹೋಗುತ್ತಿದ್ದ. ಕನಸಿಗೆ ಕಾರಣ ಕಸುಬಿನ ಕಷ್ಟ!

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅವನು ಸತ್ತ ಮೇಲೆ ಬೆರೆನಿಸ್ ಅಬಟ್ ಎಂಬ ಅಮೆರಿಕದ ಫೋಟೋಗ್ರಾಫರ್ ಅಳಿದುಳಿದ ಸಂಗ್ರಹವನ್ನು ಕೊಂಡು ಕಾಪಾಡಿದಳು. 1968ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂಗೆ ಹೋಯಿತು. ಅಲ್ಲಿಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ನೆಗೆಟಿವ್‌ಗಳ ಮೇಲೆ ಅಟ್ಜೆ ಗೀಚಿದ್ದ ನಂಬರುಗಳು ಕ್ರಮವಾಗಿರಲಿಲ್ಲ. ಅದರಲ್ಲೇನೋ ಗುಟ್ಟಿದೆ, ಅದು ಬಿಡಿಸಿದರೆ ಕಲಾವಿದನ ಮನಸ್ಸು ಸಿಗುತ್ತದೆ ಅಂತ ಆಸೆ. ಬಿಡಿಸಿದರು. ಸಿಕ್ಕಿದ್ದು ಕ್ಯಾಟಲಾಗು. ಈ ನಂಬರಿನಿಂದ ಆ ನಂಬರಿನವರೆಗೆ ತೋಟ, ಇನ್ನೊಂದು ಸಾಲು ಹಳೆ ಪ್ಯಾರಿಸ್. ಗಿರಾಕಿ ಬಂದು ಕೇಳಿದರೆ ಥಟ್ಟನೆ ತೆಗೆದುಕೊಡಲು. ವಿಮರ್ಶಕಿ ರೊಸಾಲಿಂಡ್ ಕ್ರೌಸ್ 1982ರಲ್ಲಿ ಇದನ್ನೇ ಹಿಡಿದು, ಗ್ರಂಥಾಲಯದ ಕಪಾಟಿಗೆ ಮಾಡಿದ್ದನ್ನು ಕಲಾವಿದನ ಜೀವನದರ್ಶನ ಅಂತ ಓದಬಹುದೇ ಎಂದು ಕೇಳಿದಳು. ಪ್ರಶ್ನೆ ಈಗಲೂ ಚುಚ್ಚುತ್ತದೆ.

ಎಳೆಯನ್ನು ಮೊದಲೇ ಹಿಡಿದು ಹೊರಟವರೂ ಇದ್ದಾರೆ. ಜರ್ಮನಿಯ ಔಗುಸ್ಟ್ ಝಾಂಡರ್ ರೈತರಿಂದ ನಿರುದ್ಯೋಗಿಗಳವರೆಗೆ ತನ್ನ ಕಾಲದ ಜನರ ಪಟ್ಟಿಯನ್ನೇ ಮಾಡಿಕೊಂಡು, 1929ರಲ್ಲಿ ಅದರಲ್ಲಿ 60 ಮುಖಗಳನ್ನು ಪ್ರಕಟಿಸಿದ. ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ನೀರಿನ ಟ್ಯಾಂಕು, ಕುಲುಮೆಗಳನ್ನೇ ಮೋಡ ಕವಿದ ಬೆಳಕಿನಲ್ಲಿ ಹೊಡೆದರು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಬೇರೆ ಥರ. ಪತ್ರಿಕೆಗೆ, ಯುನಿಸೆಫ್‌ಗೆ ಅಂತ ಹೇಳಿದ ಕೆಲಸವನ್ನೇ ಮಾಡುತ್ತಾ ಹೋದರು. ಆದರೂ ಮಕ್ಕಳೂ ಸಾಮಾನ್ಯ ಜನರೂ ಅವರ ಚಿತ್ರಕ್ಕೆ ಮತ್ತೆ ಮತ್ತೆ ಬರುತ್ತಾರೆ, ಅಲ್ವಾ?

ಇಷ್ಟು ಕೇಳಿ ಗೆಳೆಯ ಆಕಳಿಸಿದ. "ಛಲೋ ಅದ. ಈಗ ನಂದು ನೋಡ್ರಿ."

ಮೊದಲು ಊರಿನ ಪ್ರಕಾರ ಗುಂಪು ಮಾಡಿದೆವು. ಟೂರಿಸಂ ಕ್ಯಾಲೆಂಡರ್ ಆಯಿತು. ಆಮೇಲೆ ವಿಷಯದ ಪ್ರಕಾರ: ಜಾತ್ರೆ, ಹೊಲ, ಕೋಟೆ. ಶಾಲೆಯ ಚಾರ್ಟ್ ಆಯಿತು. ಚಹಾ ಕುಡಿದು ಮುಗಿಸುವಾಗ ಪತ್ರಿಕೆಯಲ್ಲಿ ಪುಟ ಕಟ್ಟುವವರಿಂದ ಕಲಿತ ಒಂದು ಉಪಾಯ ನೆನಪಾಯಿತು. ಫೋಟೋ ತಲೆಕೆಳಗು ಮಾಡಿ ನೋಡುವುದು. ಆಗ ಅದು ಜಾತ್ರೆ, ಇದು ಗುಂಬಜ್ ಅನ್ನುವುದು ಮರೆತು ಬೆಳಕು, ಕತ್ತಲೆ ಅಷ್ಟೇ ಕಾಣುತ್ತವೆ. ನಲವತ್ತು ಫೋಟೋ ತಿರುಗಿಸಿರಬೇಕು, ಇಬ್ಬರೂ ಸುಮ್ನೆ ಕೂತೆವು.

ಹೆಚ್ಚುಕಮ್ಮಿ ಎಲ್ಲದರ ಅಂಚಿನಲ್ಲೂ ಒಂದು ಕಪ್ಪು ಪಟ್ಟಿ. ಒಂದರಲ್ಲಿ ಬಾಗಿಲ ಚೌಕಟ್ಟು, ಇನ್ನೊಂದರಲ್ಲಿ ಆಟೋದ ಟಾಪು, ಮತ್ತೊಂದರಲ್ಲಿ ಬೇವಿನ ಕೊಂಬೆ. ಜಾತ್ರೆಯ ತೇರು ದೂರದಲ್ಲಿ ಬಿಸಿಲಿಗೆ ಹೊಳೆಯುತ್ತಿದೆ, ಹತ್ತಿರ ಯಾವುದೋ ಅಂಗಡಿಯ ತಗಡಿನ ನೆರಳು. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯದಂತೂ ಹದಿನೈದು ಇದ್ದವು. 1367ರ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಚಾವಣಿ. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಅಂದರೆ ಇಷ್ಟು ವರ್ಷ ಇವನು ಏನು ಹೊಡೆದರೂ ನಿಂತದ್ದು ನೆರಳಲ್ಲಿ, ನೋಡಿದ್ದು ಬಿಸಿಲನ್ನು. ನಾವು ಫೋಟೋದಲ್ಲಿ ಏನಿದೆ ಅಂತ ಹುಡುಕುತ್ತಿದ್ದೆವು. ಎಳೆ ಇದ್ದದ್ದು ಅವನ ಕಾಲಿನ ಕೆಳಗೆ.

ನಾನು ಉಬ್ಬಿಹೋದೆ. ಬಿಸಿಲ ನಾಡು, ನೆರಳಿನ ಕಣ್ಣು, ಹೀಗೆ ಒಂದು ಟಿಪ್ಪಣಿ ಆಗಲೇ ಮನಸ್ಸಿನಲ್ಲಿ ಬರೆಯತೊಡಗಿದ್ದೆ. ಗೆಳೆಯ ತಡೆದ. "ಹಂಗೇನಿಲ್ರೀ. ಬಿಸಲಾಗ ಕ್ಯಾಮೆರಾದ ಸ್ಕ್ರೀನ್ ಕಾಣಂಗಿಲ್ಲ. ಅದಕ್ಕ ನೆರಳಿಗಿ ನಿಂದರ್ತೀನಿ."

ಅಟ್ಜೆಯ ಕ್ಯಾಟಲಾಗ್ ನಂಬರು ನೆನಪಾಗಿ ನಗು ಬಂತು. ಆದರೂ ಒಂದು ಅನುಮಾನ ಉಳಿಯಿತು. ಗೆಳೆಯ ಕೆಲಸ ಶುರು ಮಾಡಿದ್ದು ಫಿಲ್ಮ್ ರೋಲ್ ಹಾಕುವ ಕ್ಯಾಮೆರಾದ ಕಾಲದಲ್ಲಿ. ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ಅಂಚು ಹಳದಿಯಾದ ಹಳೆ ಪ್ರಿಂಟುಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿ ಒಂದೊಂದೇ ತಿರುಗಿಸಿದೆವು. ಅಲ್ಲೂ ಅದೇ ಕಪ್ಪು ಪಟ್ಟಿ.

"ಆಗ ಸ್ಕ್ರೀನ್ ಎಲ್ಲಿತ್ತೋ?" ಅಂದೆ.

ಅವನು ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದ. "ರೋಲ್ ನೆರಳಾಗೇ ಹಾಕ್ಬೇಕಲ್ರೀ," ಅಂದ. "ಹಾಕಿ ಅಲ್ಲೇ ನಿಂದರ್ತಿದ್ದೆ, ಕಾಣ್ತದ."