ಹೆರಿಗೆ ರಜೆ: 26 ವಾರದ ಲೆಕ್ಕ ತಪ್ಪುವುದೆಲ್ಲಿ?

ಹೆರಿಗೆ ರಜೆ ಎಷ್ಟು ಎಂದರೆ 26 ವಾರ ಎಂಬ ಉತ್ತರ ಎಲ್ಲರಿಗೂ ಗೊತ್ತು. ಕಾನೂನು ಪರೀಕ್ಷೆಯಲ್ಲಿ ಅಂಕ ಹೋಗುವುದೂ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ದುಡ್ಡು ಹೋಗುವುದೂ ಲೆಕ್ಕದಲ್ಲೇ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ ಮುಖ್ಯ ನಿಯಮಗಳು 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿವೆ. ನಿರೀಕ್ಷಿತ ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸಂಬಳಸಹಿತ ರಜೆ, ಲೇ-ಆಫ್ (ಮಾಲೀಕರು ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಕೂರಿಸಿದ) ದಿನಗಳೂ ಈ 80ರೊಳಗೇ ಸೇರುತ್ತವೆ. ಹಾಜರಿ ಬಿದ್ದ ದಿನಗಳನ್ನಷ್ಟೇ ಎಣಿಸಿ ಅರ್ಹತೆ ಇಲ್ಲವೆನ್ನುವಂತಿಲ್ಲ.

26 ವಾರದಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಬದುಕಿರುವ ಮಕ್ಕಳು ಈಗಾಗಲೇ ಇಬ್ಬರು ಅಥವಾ ಹೆಚ್ಚಿದ್ದರೆ ಒಟ್ಟು 12 ವಾರ, ಮುಂಚೆ 6. ಗರ್ಭಪಾತವಾದರೆ 6 ವಾರ.

ಈಗ ಹಣ. ರಜೆಗೆ ಹೋಗುವ ದಿನದ ಹಿಂದಿನ ಮೂರು ತಿಂಗಳ ಕೂಲಿಯನ್ನು ಆ ಅವಧಿಯಲ್ಲಿ ಕೆಲಸ ಮಾಡಿದ ದಿನಗಳಿಂದ ಭಾಗಿಸಿದರೆ ಸರಾಸರಿ ದಿನಗೂಲಿ ಸಿಗುತ್ತದೆ. ಮೂರು ತಿಂಗಳಿಗೆ 72,000 ರೂಪಾಯಿ, ಕೆಲಸ 75 ದಿನ ಎಂದುಕೊಳ್ಳಿ: ದಿನಕ್ಕೆ 960. ಇದನ್ನು 26 ವಾರದ 182 ದಿನಗಳಿಂದ ಗುಣಿಸಿದರೆ 1,74,720. ಭಾಗಿಸುವಾಗ 75ರ ಬದಲು 90 ಹಿಡಿದರೆ ದಿನಕ್ಕೆ 800 ಬಂದು 29,120 ರೂಪಾಯಿ ಖೋತಾ. ಭಾನುವಾರ ಬಿಟ್ಟು 156 ದಿನಗಳಿಂದ ಗುಣಿಸಿದರೂ 24,960 ನಷ್ಟ. ವಾರವೆಂದರೆ ಭಾನುವಾರ ಸೇರಿ ಏಳು ದಿನ ಎಂದು ಬಿ. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಈ ತೀರ್ಪನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಲೇಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯವರಿಗೆ ಹಣ ಮಾಲೀಕರ ಬದಲು ಇಎಸ್‌ಐ ನಿಗಮದಿಂದ ಬರುತ್ತದೆ. ಅದರ ಅರ್ಹತೆಯ ಲೆಕ್ಕವೇ ಬೇರೆ.

ಪಾವತಿ ಎರಡು ಕಂತಿನಲ್ಲಿ. ಗರ್ಭಿಣಿ ಎಂಬುದಕ್ಕೆ ದಾಖಲೆ ಕೊಟ್ಟಾಗ ಹೆರಿಗೆಪೂರ್ವ ಅವಧಿಯ ಹಣವನ್ನು ಮುಂಗಡವಾಗಿ ಕೊಡಬೇಕು. ಉಳಿದದ್ದನ್ನು ಹೆರಿಗೆಯ ದಾಖಲೆ ಸಿಕ್ಕ 48 ಗಂಟೆಯೊಳಗೆ ಕೊಡಬೇಕು. ಮುಂಚಿತವಾಗಿ ಲಿಖಿತ ಸೂಚನೆ ಕೊಡದಿದ್ದರೂ ಹಕ್ಕು ಹೋಗದು, ಹೆರಿಗೆಯಾದ ಮೇಲೆ ಆದಷ್ಟು ಬೇಗ ಕೊಟ್ಟರೆ ಸಾಕು. ಆದರೂ ಸೂಚನೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುವುದೇ ಕ್ಷೇಮ; ತಕರಾರು ಬಂದಾಗ ಆ ಹಾಳೆಯೇ ಆಧಾರ.

ಹೆರಿಗೆಯ ನಂತರದ 6 ವಾರ ಮಾಲೀಕರು ಕೆಲಸಕ್ಕೆ ಹಚ್ಚುವಂತೆಯೇ ಇಲ್ಲ, ಆಕೆ ಒಪ್ಪಿದರೂ ಸರಿ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ.

ಈ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ಸೇವಾ ಷರತ್ತನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವುದು ಎರಡೂ ಕಾನೂನುಬಾಹಿರ. ಗರ್ಭಾವಸ್ಥೆಯಲ್ಲಿ ವಜಾ ಆದೇಶ ಕೈಸೇರಿದರೆ ಮೇಲ್ಮನವಿಗೆ 60 ದಿನ ಅವಕಾಶ. ಎಣಿಕೆ ಆದೇಶ ತಲುಪಿದ ದಿನದಿಂದ. ಹಾಗಾಗಿ ಲಕೋಟೆಯನ್ನೂ ಎಸೆಯಬೇಡಿ.